ಹೆಬ್ಬಾತುಗಳ ಪಟ್ಟಿ

ಗದಗಿನ ಬಳಿಯ ಕೆರೆಗೆ ಚಳಿಗಾಲದಲ್ಲಿ ಬರುವ ಹೆಬ್ಬಾತುಗಳೂ ಈಗ, ಹಕ್ಕಿ ನೋಡುವವರು ಹಕ್ಕಿಗಳ ಪಟ್ಟಿ ಇಡುವಂತೆ, ಮನುಷ್ಯರ ಪಟ್ಟಿ ಇಡುತ್ತವೆ. ಹತ್ತು ವರ್ಷ ತಪ್ಪದೆ ಬಂದವರನ್ನು ಮಾತ್ರ ಮರಿಗಳ ನಡುವೆ ಕೂರಲು ಬಿಡುತ್ತವೆ. ಪ್ರಾಣಿಶಾಸ್ತ್ರದ ನೀಲಾಂಬಿಕಾ ಮೇಡಂಗೆ ಇದು ಹತ್ತನೆಯ ವರ್ಷ.

ಮುದಿ ಹೆಬ್ಬಾತು ಕತ್ತು ಓರೆ ಮಾಡಿತು. "ಹೊಸಬರೇನ್ರೀ? ಪ್ರತಿ ವರ್ಷ ಬರಾಕಿ ಕರಿತಲಿಯಾಕಿ."

"ಬಣ್ಣ ಹಚ್ಚೂದು ಬಿಟ್ಟೀನಪಾ. ನಾನ ಆಕಿ!"

ಗಂಡ ವೀರಭದ್ರಪ್ಪ ದುರ್ಬೀನಿನ ಹಿಂದೆ ನಕ್ಕರು. "ಪುಕ್ಕ ಬದಲಾದ ಹಕ್ಕಿ ನೋಡಿ ಹೊಸ ಜಾತಿ ಅಂತ ನೀನೂ ಒಮ್ಮೆ ಬರದಿದ್ದಿ, ಅಲ್ಲ?"

"ಒಂದೀಟು ನಡದು ತೋರಸ್ರೀ," ಎಂದಿತು ಹೆಬ್ಬಾತು.

ಮಂಡಿನೋವಿನ ಮೇಡಂ ಕೆಸರಿನಲ್ಲಿ ಅತ್ತಿತ್ತ ವಾಲುತ್ತ ನಾಲ್ಕು ಹೆಜ್ಜೆ ಹಾಕಿದರು.

"ಆಕೀನ ಬಿಡ್ರೀ! ನಮ್ಮಂಗ ನಡಿಯಾಕಿ ಇಡೀ ಕೆರಿಗೆ ಒಬ್ಬಾಕೀನ."

ಮೇಡಂ ಮುನಿಸಿಕೊಳ್ಳಬೇಕೆಂದಿದ್ದರು. ಅಷ್ಟರಲ್ಲಿ ಮರಿಯೊಂದು ಬಂದು ಅವರ ಕಾಲಿಗೆ ಒರಗಿತು.