ಗಂಟೆಯ ನಾಲಿಗೆ

ಅರವತ್ತು ಹಿತ್ತಾಳೆಯ ಕೈಗಂಟೆಗಳಿಗೆ ಅನುದಾನದ ಅರ್ಧ ಹೋಗಿತ್ತು. ಅವನ್ನಿಡುವ ಬೀಗದ ಕಪಾಟಿಗೆ ಕಾಲು ಭಾಗ. ಉಳಿದದ್ದು ಗೋಡೆಯುದ್ದದ ಹೊಸ ಕರಿಹಲಗೆಗೆ. ಯೋಜನೆಯ ಮೂಲ ಆಲೋಚನೆಗೆ ಮಾತ್ರ ಬಿಡಿಗಾಸೂ ಖರ್ಚಾಗಿರಲಿಲ್ಲ. ಅದು ಮೇಷ್ಟ್ರ ಬಾಯಿಂದ ಜಾರಿದ ಒಂದು ಸುಳ್ಳು.

ಆ ಸುಳ್ಳನ್ನು ಪರೀಕ್ಷಿಸಲು ಇವತ್ತು ವಿಶ್ವವಿದ್ಯಾಲಯದ ಅನುದಾನ ಸಮಿತಿಯ ಮೇಡಂ ಬಂದು, ಮೊದಲ ಬೆಂಚಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೇಷ್ಟ್ರ ಅಂಗೈ ಬೆವರಿ ಸೀಮೆಸುಣ್ಣ ಅಂಟುತ್ತಿತ್ತು.

ಎರಡು ವರ್ಷದ ಹಿಂದೆ ಹೀಗೇ ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ ಹಿಂದಿನ ಬೆಂಚಿನವನೊಬ್ಬ ಕೇಳಿದ್ದ: "ಸರ್, ಅಲ್ಲಿ ಮೈನಸ್ ಬರ್ಬೇಕಲ್ವಾ?" ಮೂವತ್ತು ವರ್ಷ ಕಣ್ಣು ಮುಚ್ಚಿ ಬಿಡಿಸಿದ ಲೆಕ್ಕ ಅದು. ಆ ವಾರದಲ್ಲಿ ಮೂರನೇ ತಪ್ಪು. ಕೈ ತನ್ನ ಪಾಡಿಗೆ ತಾನು ಏನೋ ಬರೆಯುತ್ತಿತ್ತು; ಬರೆಯುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಮೇಷ್ಟ್ರು ಒಳಗೊಳಗೇ ಬೆಚ್ಚಿ, ಹೊರಗೆ ನಕ್ಕು, "ಭೇಷ್! ಬೇಕಂತಲೇ ಬರೆದಿದ್ದೆ ಕಣೋ. ಯಾರ್ಯಾರು ಎಚ್ಚರವಾಗಿದ್ದೀರಿ ನೋಡೋಣ ಅಂತ" ಎಂದುಬಿಟ್ಟರು.

ಸುಳ್ಳಿಗೆ ಕಾಲು ಬಂತು. ವಿಭಾಗದ ಮುಖ್ಯಸ್ಥರು "ಎಂಥ ಐಡಿಯಾ ರೀ!" ಎಂದು ತಾವೇ ಮುಂದೆ ನಿಂತು ಅರ್ಜಿ ಹಾಕಿಸಿದರು. ನವೀನ ಬೋಧನಾ ಯೋಜನೆ. ಪ್ರತಿ ತರಗತಿಯಲ್ಲಿ ಅಧ್ಯಾಪಕರು ಬೇಕೆಂದೇ ಒಂದು ತಪ್ಪು ಮಾಡುತ್ತಾರೆ, ಕಂಡವರು ಗಂಟೆ ಬಾರಿಸಬೇಕು. ಒಂದೊಂದು ದಿನ ಗಂಟೆ ನಾಲ್ಕೈದು ಸಲ ಕೇಳಿಸುತ್ತಿತ್ತು. "ಇವತ್ತು ಕೊಸರು ಜಾಸ್ತಿ" ಎಂದು ಮೇಷ್ಟ್ರು ನಗುತ್ತಿದ್ದರು. ಮನೆಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ನಡುಗುತ್ತಿದ್ದರು. ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ಹೆಂಡತಿಗೆ ಹೇಳಲು ಅದಕ್ಕಿಂತ ಹೆದರಿಕೆ. ಗೊತ್ತಾದರೆ ಪಾಠ ಬಿಡಿಸುತ್ತಾರೆ. ಪಾಠ ಬಿಟ್ಟರೆ ತನ್ನಲ್ಲಿ ಉಳಿಯುವುದಾದರೂ ಏನು?

ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಲ್ಲೇ ತಡೆದಿದ್ದಳು. "ರೀ, ಒಂದು ಕಾಲುಚೀಲ ಕಪ್ಪು, ಒಂದು ಕಂದು! ಪರೀಕ್ಷೆ ಹುಡುಗರಿಗೋ ನಿಮಗೋ?"

"ಇದೂ ಬೇಕಂತಲೇ ಕಣೇ" ಎಂದು ಮೇಷ್ಟ್ರು ಬೀದಿಗಿಳಿದಿದ್ದರು.

ಈಗ ಮೇಡಂ ಕನ್ನಡಕ ಒರೆಸಿಕೊಂಡರು. "ನಾನು ಓದಿದ್ದು ಇತಿಹಾಸ. ಗಣಿತ ಅಂದ್ರೆ ಈಗಲೂ ಎದೆ ಡವಡವ. ಹಲಗೆ ಕಡೆ ನೋಡೋದೇ ಇಲ್ಲ, ಹುಡುಗರ ಮುಖ ನೋಡ್ತೀನಿ. ಇವತ್ತಿನ ತಪ್ಪು ಯಾವುದು ಅಂತ ಮೊದಲೇ ನನ್ನ ಕಿವೀಲಿ ಹೇಳ್ಬಿಡಿ. ಅಲ್ಲಿಗೇ ಗಂಟೆ ಬಾರಿಸ್ತಾರಾ ನೋಡೋಣ."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಮೊದಲೇ ಹೇಳುವುದು! ಬಾಗಿ ಪಿಸುಗುಟ್ಟಿದರು: "ನಾಲ್ಕನೇ ಸಾಲು. ಮೈನಸ್ ಬರಬೇಕಾದ ಕಡೆ ಪ್ಲಸ್." ಪಿಸುಮಾತು ಮೊದಲ ಬೆಂಚಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಹೊರಬಿತ್ತು.

ನಾಲ್ಕನೇ ಸಾಲಿನಲ್ಲಿ ತಪ್ಪುವುದು ಕಷ್ಟವಲ್ಲ. ಉಳಿದ ಸಾಲುಗಳಲ್ಲಿ ತಪ್ಪದಿರುವುದು ಕಷ್ಟ. ಎರಡನೇ ಗಂಟೆ ಕೇಳಿಸಿತೋ, ಕಥೆ ಮುಗಿಯಿತು.

ಹುಡುಗರು ತಮ್ಮ ಬಳಿಯೇ ಇರುತ್ತಿದ್ದ ಕೀಲಿಯಿಂದ ಕಪಾಟು ತೆಗೆದು ಗಂಟೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ದಿನವೂ ಆ ಹೊತ್ತಿಗೆ ಕಿವಿ ಕಿತ್ತುಹೋಗುವ ಗಲಗಲ. ಇವತ್ತು ಸದ್ದೇ ಇಲ್ಲ. ಪಾಪ, ಅವರೂ ಹೆದರಿದ್ದಾರೆ ಎಂದುಕೊಂಡರು ಮೇಷ್ಟ್ರು.

ಮೊದಲ ಬೆಂಚಿನಲ್ಲಿ ದಪ್ಪ ಕನ್ನಡಕದ ಹುಡುಗಿ. ಎಲ್ಲರಿಗೂ ಬುದ್ಧಿ ಹೇಳುತ್ತಾಳೆಂದು ತರಗತಿ ಅವಳಿಗಿಟ್ಟ ಹೆಸರು ಅಜ್ಜಿ. ಅವಳು ಮೆಲ್ಲಗೆ, "ಸರ್, ನೀವು ಧೈರ್ಯವಾಗಿ ಪಾಠ ಮಾಡಿ. ಗಂಟೆ ವಿಷಯ ನಮಗೆ ಬಿಡಿ" ಎಂದಳು.

ಮೇಷ್ಟ್ರು ಬರೆಯತೊಡಗಿದರು. ಒಂದನೇ ಸಾಲು. ಎರಡನೇ ಸಾಲು. ಬೆನ್ನಿಗೆ ಅಂಗಿ ಅಂಟಿತು. ಮೂರು. ನಾಲ್ಕನೇ ಸಾಲಿನಲ್ಲಿ ಪ್ಲಸ್ ಬರೆದು ಉಸಿರು ಬಿಗಿಹಿಡಿದರು.

ಟಿಣ್!

"ಸರ್, ಅಲ್ಲಿ ಮೈನಸ್" ಎಂದಳು ಅಜ್ಜಿ.

ಮೇಡಂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಿದ್ದಿ ಮುಂದುವರಿದರು. ಒಂದೊಂದು ಸಾಲು ಮುಗಿದಾಗಲೂ ಗಂಟೆಗಾಗಿ ಕಿವಿ ನಿಮಿರುತ್ತಿತ್ತು. ಸೀಮೆಸುಣ್ಣ ಎರಡು ಸಲ ಮುರಿಯಿತು. ಹನ್ನೆರಡನೇ ಸಾಲು ಮುಗಿಸಿ, ಅಡಿಗೆರೆ ಎಳೆದು ತಿರುಗಿದರು. ಮತ್ತೊಂದು ಗಂಟೆ ಕೇಳಿಸಿರಲಿಲ್ಲ.

"ಎಂಥ ಏಕಾಗ್ರತೆ ರೀ!" ಮೇಡಂ ಎದ್ದು ನಿಂತಿದ್ದರು. "ಒಬ್ಬರೂ ಹಲಗೆಯಿಂದ ಕಣ್ಣು ಕೀಳಲಿಲ್ಲ. ಕೆಲವರಂತೂ ಉಗುರು ಕಚ್ತಾ ಇದ್ರು. ಇನ್ನೊಂದು ವರ್ಷಕ್ಕೆ ಅನುದಾನ ಕೊಡಿ ಅಂತ ನಾನೇ ಬರೀತೀನಿ. ಬನ್ನಿ, ಎಲ್ಲಾ ಸೇರಿ ಒಂದು ಫೋಟೋ ತೆಗೆಸ್ಕೊಳ್ಳೋಣ."

ತರಗತಿ ಅಂಗಳಕ್ಕೆ ಹರಿಯಿತು. "ಹಲಗೆ ಒರೆಸಿ ಬಂದೆ" ಎಂದು ಮೇಷ್ಟ್ರು ಹಿಂದುಳಿದರು. ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಗಿತ್ತು. ಒಂದೂ ತಪ್ಪಿಲ್ಲದೆ ಬಿಡಿಸಿದ್ದೆ! ಡಾಕ್ಟರೂ ಬೇಡ, ಮಣ್ಣೂ ಬೇಡ. ಒರೆಸುವ ಮುನ್ನ ಕಣ್ತುಂಬ ನೋಡೋಣವೆಂದು ಕೊನೆಯ ಬೆಂಚಿನ ತನಕ ಹಿಂದೆ ಸರಿದು ನಿಂತರು.

ಎರಡನೇ ಸಾಲಿನಲ್ಲಿ ವರ್ಗದ ಗುರುತು ಬಿಟ್ಟುಹೋಗಿತ್ತು.

ಏಳನೇ ಸಾಲಿನಲ್ಲಿ ಏಳನ್ನು ಎಂಟರಿಂದ ಗುಣಿಸಿ ಐವತ್ತನಾಲ್ಕು ಎಂದು ಬರೆದಿದ್ದರು. ಒಂಬತ್ತರಲ್ಲಿ ಒಂದು ಪದವೇ ಮಾಯ. ಕೊನೆಯ ಉತ್ತರ ಯಾವ ಲೆಕ್ಕದ್ದೋ ಏನೋ.

ಇಷ್ಟು ಚುರುಕಿನ ಹುಡುಗರಿಗೆ ಇದೊಂದೂ ಕಾಣಲಿಲ್ಲವೇ? ಆಸರೆಗೆಂದು ಬೆಂಚಿಗೆ ಕೈಯೂರಿದರು. ಅಲ್ಲಿದ್ದ ಗಂಟೆ ಉರುಳಿ ನೆಲಕ್ಕೆ ಬಿತ್ತು. ನೆಲಕ್ಕೆ ತಗುಲಿದ ಸದ್ದು ಬಿಟ್ಟರೆ ಟಿಣ್ ಎನ್ನಲಿಲ್ಲ.

ಎತ್ತಿ ಅಲ್ಲಾಡಿಸಿದರು. ಮೂಕ. ಬೋರಲು ಹಾಕಿ ನೋಡಿದರು. ಒಳಗಿನ ನಾಲಿಗೆಗೆ ಹತ್ತಿ ಸುತ್ತಿ ದಾರ ಬಿಗಿದಿತ್ತು. ಪಕ್ಕದ್ದಕ್ಕೂ ಹಾಗೇ. ಮುಂದಿನ ಸಾಲಿನದಕ್ಕೂ. ತಪ್ಪು ಕಂಡರೆ ಕೈ ತಾನಾಗಿ ಗಂಟೆಗೆ ಹೋಗುವ ಹಾಗೆ ಇಷ್ಟು ದಿನ ಪಳಗಿಸಿದವರು ಮೇಷ್ಟ್ರೇ. ಹುಡುಗರು ಇವತ್ತು ಆ ಕೈಗಳನ್ನು ನಂಬಿರಲಿಲ್ಲ. ಅಜ್ಜಿಯ ಗಂಟೆಯೊಂದನ್ನು ಬಿಟ್ಟು ಉಳಿದೆಲ್ಲದರ ನಾಲಿಗೆ ಕಟ್ಟಿದ್ದರು.

ಅನುದಾನ ಇನ್ನೊಂದು ವರ್ಷಕ್ಕೆ ಉಳಿದಿತ್ತು. ಗುಟ್ಟು ಎಂದೋ ಕೈಬಿಟ್ಟು ಹೋಗಿ, ಅರವತ್ತು ಜನರ ಕೈಯಲ್ಲಿ ಜೋಪಾನವಾಗಿತ್ತು.