ಐವತ್ತರ ಔತಣಕ್ಕೊಂದು ಹಾಡು

ಪಿಯಾನೊದ ಮೇಲೆ ಎಡಗೈ ಮತ್ತೆ ಹಿಂದೆ ಬಿತ್ತು. ಉಲ್ಜಾನ್ ನಿಲ್ಲಿಸಲಿಲ್ಲ. ನಿಲ್ಲಿಸಬೇಡ ಎಂದು ಪಕ್ಕದ ಮನೆಯ ಕುಲ್ಯಾಶ್ ಹೇಳಿ ಹೋಗಿದ್ದಳು.

ಬೆಳಿಗ್ಗೆ ಹಿಂಬಾಗಿಲಿನಿಂದ ಬಂದ ಕುಲ್ಯಾಶ್, ಅಡುಗೆಮನೆಯ ಕದ ಮುಚ್ಚಿ ಪಿಸುಗುಟ್ಟಿದ್ದಳು. "ಗಣಿಯಲ್ಲಿ ಅನಾಹುತ ಆಗಿದೆ ಕಣೇ. ಮಧ್ಯಾಹ್ನ ಹಿರಿಯರು ಬರ್ತಾರೆ. ಅಲ್ಲೀವರೆಗೂ ಮನೆ ಎಂದಿನ ಹಾಗೇ ಇರ್ಲಿ."

"ಮೈದುನನಿಗಾ ಅಕ್ಕಾ?"

ಕುಲ್ಯಾಶ್ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು. "ನನ್ನ ಏನೂ ಕೇಳ್ಬೇಡ. ಹೋಗಿ ನಿನ್ನ ಪಿಯಾನೊ ಬಾರಿಸು. ಫೋನು ಮುಟ್ಬೇಡ. ಇಂಥ ಮಾತು ಹಿರಿಯರ ಬಾಯಿಂದಲೇ ಬರಬೇಕು."

ಇಲ್ಲಿ ಸಾವನ್ನು ಯಾರೂ ಹೇಳುವುದಿಲ್ಲ; ಕೇಳಿಸುತ್ತಾರೆ. ಹಿರಿಯರು ಗುಂಪಾಗಿ ಬಂದು ಕೂತು, ಎಲ್ಲೆಲ್ಲಿಯದೋ ಮಾತು ತೆಗೆದು, ನಿಧಾನವಾಗಿ ಆ ಮಾತಿನ ಹತ್ತಿರ ತರುತ್ತಾರೆ. ಕೇಳಬೇಕಾದವಳ ಎರಡೂ ಪಕ್ಕದಲ್ಲಿ ಇಬ್ಬರು ಹೆಂಗಸರು ಇರುತ್ತಾರೆ, ಬಿದ್ದರೆ ಹಿಡಿಯಲು. ಅಲ್ಲಿಯವರೆಗೆ ಊರಿಗೆ ಊರೇ ಬಾಯಿ ಕಟ್ಟಿಕೊಂಡಿರುತ್ತದೆ.

ಇವತ್ತಿನ ಪಾಳಿ ಮೈದುನ ಕೈರ್ಬೆಕನದು. ಗಂಡ ತೋಲೆಗೆನ್‌ಗೆ ರಜೆ. ಮುಂದಿನ ವಾರ ತನಗೆ ಐವತ್ತು ತುಂಬುವ ಔತಣಕ್ಕೆ ಕೊಯ್ಯುವ ಕುದುರೆಯನ್ನು ದೂರದ ಹಳ್ಳಿಯೊಂದರಲ್ಲಿ ಆರಿಸಿ ಬರುತ್ತೇನೆಂದು ನಿನ್ನೆಯೇ ಹೇಳಿದ್ದ. ಅವಳು ಏಳುವ ಮೊದಲೇ ಹೊರಟುಹೋಗಿದ್ದ. ಆ ಹಳ್ಳಿಯಲ್ಲಿ ಫೋನು ಸಿಗುವುದಿಲ್ಲ. ತಮ್ಮ ಹೋದದ್ದು ತಿಳಿಯದೆ ಯಾವುದೋ ಕುದುರೆಯ ಹಲ್ಲು ಎಣಿಸುತ್ತಿರುತ್ತಾನೆ ಪಾಪ.

ಹಾಡು ಕೂಡ ಆ ಔತಣಕ್ಕೇ. ಹರೆಯದಲ್ಲಿ ಅಣ್ಣತಮ್ಮಂದಿರು ಗಣಿಯ ಕ್ಲಬ್ಬಿನಲ್ಲಿ ಗಿಟಾರು ಹಿಡಿದು ಕಟ್ಟಿದ ರಾಕ್ ಹಾಡು. ಪಾಳಿ ಮುಗಿಸಿ ಬೆಳಕಿಗೆ ಬಂದವರ ಕುಣಿತ. ಉಲ್ಜಾನ್ ತೋಲೆಗೆನ್‌ನನ್ನು ಮೊದಲು ನೋಡಿದ್ದು ಅವನು ಅದನ್ನು ಹಾಡುತ್ತಿದ್ದಾಗ. ಜರ್ಮನಿಗೆ ಹೊರಟುಹೋದ ನೆರೆಯವರು ಬಿಟ್ಟುಹೋದ ಪಿಯಾನೊದ ಮೇಲೆ, ಅವನಿಲ್ಲದ ಹೊತ್ತಿನಲ್ಲಿ ಕದ್ದು ಕಲಿಯುತ್ತಿದ್ದಳು. ಎಡಗೈ ಒಂದೇ ಸಮನೆ ಓಡಬೇಕು. ಬಲಗೈ ಅದರ ಮೇಲೆ ಹಾರಿ ಹಾರಿ ಬೀಳಬೇಕು. ಸೊಸೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಮೆತ್ತಗೆ ಹೆಜ್ಜೆಯಿಟ್ಟವಳಿಗೆ, ತಾನೂ ಇಷ್ಟು ಸದ್ದು ಮಾಡಬಹುದು ಎಂಬುದೇ ಹೊಸದಾಗಿತ್ತು.

ಸದ್ಯ, ನನ್ನವನಲ್ಲ.

ಬೆಳಿಗ್ಗೆಯಿಂದ ಈ ಮಾತು ಎದೆಯೊಳಗೆ ಏಳುತ್ತಿತ್ತು. ನಾಚಿಕೆಯಾಗಿ, ಅದನ್ನು ಅದುಮಲು ಇನ್ನಷ್ಟು ಜೋರಾಗಿ ಬಾರಿಸಿದಳು.

ಹಿಂದೆ ದಿವಾನದ ಮೇಲೆ ಅತ್ತೆ ಝಮಲ್ ಕೂತಿದ್ದಳು. ಬೇರೆ ದಿನವಾಗಿದ್ದರೆ, "ನಿನ್ನ ಎಡಗೈ ಕುಂಟು ಕತ್ತೆ ಕಣೇ, ಬಲಗೈ ಪಾಪ ಅದನ್ನ ಎಳ್ಕೊಂಡು ಹೋಗ್ತಿದೆ" ಎಂದು ಚುಚ್ಚುತ್ತಿದ್ದಳು. ಇವತ್ತು ಹಾಡು ಮುಗಿದಾಗಲೆಲ್ಲ ಒಂದೇ ಮಾತು.

"ಚೆನ್ನಾಗಿದೆ ಮಗಳೇ. ಇನ್ನೊಂದ್ಸಲ."

"ಸಾಕಲ್ವಾ ಅತ್ತೆ? ನಿಮಗೆ ತಲೆನೋವು ಬರುತ್ತೆ."

"ಬಂದ್ರೆ ಬರ್ಲಿ ಬಿಡು. ನೀನು ಬಾರಿಸು."

ಅತ್ತೆಯ ಚಹಾದ ಮೇಲೆ ಕೆನೆ ಕಟ್ಟಿತ್ತು. ಮುಟ್ಟಿರಲಿಲ್ಲ. ಏನೂ ತಿಳಿಯದ ಜೀವ ಎಂದುಕೊಂಡಳು ಉಲ್ಜಾನ್. ಮಾತಿಗೆ ಮಾತು ಸೇರಿಸಲು ಕೇಳಿದಳು:

"ನಿಮ್ಮ ದೊಡ್ಡಮಗ ಇದನ್ನ ಕೇಳಿದ್ರೆ ಏನಂತಾರೆ ಅತ್ತೆ?"

ಅತ್ತೆ ಎದ್ದು ಬಂದು ಸೊಸೆಯ ಕೂದಲನ್ನು ಒಮ್ಮೆ ಸವರಿ, ಮತ್ತೆ ಹೋಗಿ ಕೂತಳು. ಇಷ್ಟು ವರ್ಷಗಳಲ್ಲಿ ಹಾಗೆ ಮಾಡಿದ್ದೇ ಇಲ್ಲ.

ಮೆಟ್ಟಿಲಲ್ಲಿ ಬೂಟುಗಳ ಹಿಮ ಕೊಡವುವ ಸದ್ದಾಯಿತು.

ಉಲ್ಜಾನ್ ಕೈ ನಿಲ್ಲಿಸಲಿಲ್ಲ. ಮೊದಲು ಊರಿನ ಹಿರಿಯ ಅಬಿಲ್ ತಾತ ಬಂದ. ಅವನ ಹಿಂದೆ ಟೋಪಿ ಕಂಕುಳಲ್ಲಿಟ್ಟುಕೊಂಡ ಇಬ್ಬರು ಮುದುಕರು. ಆಮೇಲೆ ಕುಲ್ಯಾಶ್, ಅವಳ ತಂಗಿ. ಯಾರೂ ಚಹಾ ಕೇಳಲಿಲ್ಲ. ಹೆಂಗಸರಿಬ್ಬರೂ ಈಗ ಅತ್ತೆಯ ಪಕ್ಕ ಕೂರುತ್ತಾರೆ. ತಾನೂ ಎದ್ದು ಹೋಗಿ ಅತ್ತೆಯ ಕೈ ಹಿಡಿಯಬೇಕು ಎಂದುಕೊಂಡು, ಕೊನೆಯ ಸಾಲು ಬಾರಿಸಿ ಮುಗಿಸಿದಳು.

ಹೆಂಗಸರಿಬ್ಬರೂ ದಿವಾನವನ್ನು ದಾಟಿಕೊಂಡು ಬಂದರು. ಪಿಯಾನೊದ ಸ್ಟೂಲಿನ ಎಡಕ್ಕೊಬ್ಬಳು, ಬಲಕ್ಕೊಬ್ಬಳು ನಿಂತರು.

ಅತ್ತೆ ತಾನೇ ಎದ್ದು ಒಂದು ಬಟ್ಟಲಿಗೆ ನೀರು ಬಗ್ಗಿಸಿದಳು.

ಎಲ್ಲರಿಗಿಂತ ಕೊನೆಗೆ, ಊದಿದ ಕೆನ್ನೆಗೆ ಉಣ್ಣೆಯ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ಬಂದು ನಿಂತವನು ಕೈರ್ಬೆಕ್.

"ಹಲ್ಲುನೋವು ತಡೀಲಿಲ್ಲ ಅತ್ತಿಗೆ," ಎಂದ, ನೆಲ ನೋಡುತ್ತ. "ಬೆಳಗಿನ ಜಾವ ಅಣ್ಣನಿಗೆ ಫೋನ್ ಮಾಡಿ, ನನ್ನ ಪಾಳಿಗೆ ನೀನು..."

ಅಬಿಲ್ ತಾತ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. ಉಲ್ಜಾನಳ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡ.

ಹಾಡು ನಡೆಯುತ್ತಿರುವವರೆಗೆ ಯಾವ ಹಿರಿಯನೂ ಆ ಮಾತು ಎತ್ತುವುದಿಲ್ಲ. ಉಲ್ಜಾನ್ ಯಾರ ಮುಖವನ್ನೂ ನೋಡಲಿಲ್ಲ. ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದಳು.