ಗುಜರಿ ಕಬ್ಬಿಣದ ಪೂಜೆ

"ಅದು ರಕ್ತ ಅಲ್ಲ ಆಫೀಸರ್, ಕುಂಕುಮ," ಎಂದು ಸಾವಿತ್ರಿ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದಳು. ಬಂದಿದ್ದ ಇಬ್ಬರು ಪೊಲೀಸರಲ್ಲಿ ಹಿರಿಯವನ ಕೈ ಇನ್ನೂ ಸೊಂಟದ ಪಿಸ್ತೂಲಿನ ಮೇಲೆಯೇ ಇತ್ತು.

ಗ್ಯಾರೇಜಿನ ಮುಂದೆ ಬೂದುಗುಂಬಳಕಾಯಿ ಒಡೆದು ಬಿದ್ದಿತ್ತು. ಕೆಂಪು ನೀರು ಡ್ರೈವ್‌ವೇ ಉದ್ದಕ್ಕೂ ಹರಿದಿತ್ತು. ಒಳಗೆ ಕುಲುಮೆ, ಸಾಣೆ ಯಂತ್ರ, ಗೋಡೆಯ ತುಂಬ ಚಾಕುಗಳು.

ಕೊರೊನಾ ಬಂದು ಆಫೀಸು ಮನೆಗೇ ಬಂದ ಮೇಲೆ ಅವಳ ಗಂಡ ನಟರಾಜನಿಗೆ ಹತ್ತಿದ ಹುಚ್ಚಿದು. ಗುಜರಿಯಿಂದ ಟ್ರಕ್ಕಿನ ಸ್ಪ್ರಿಂಗ್ ಪಟ್ಟಿ, ಸವೆದ ಅರ, ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು, ಸಿಕ್ಕಿದ್ದೆಲ್ಲ ಹೊತ್ತು ತಂದು, ಕಾಯಿಸಿ, ಬಡಿದು ಚಾಕು ಮಾಡುತ್ತಿದ್ದ. ಆ ಬಡಿತಕ್ಕೆ ಪಕ್ಕದ ಮನೆಯ ಡೇಲ್‌ನ ತಲೆ ಕೆಟ್ಟಿತ್ತು. ಬೆಳಿಗ್ಗೆ ಜಗಳಕ್ಕೆಂದು ಇತ್ತ ಬಂದವನು ಮನೆಗೆ ಮರಳಿಲ್ಲವೆಂದು ಅವನ ಹೆಂಡತಿ ಪೊಲೀಸರಿಗೆ ಫೋನ್ ಮಾಡಿದ್ದಳು.

"ಬಂದಿದ್ದ, ಕೂಗಾಡಿದ, ಹೋದ," ಎಂದಳು ಸಾವಿತ್ರಿ.

ನಟರಾಜ ಬೆವರುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ಅವನದು. ಇವನ ಕೈಗೆ ಇವತ್ತು ಬೇಡಿ ಬಿದ್ದರೆ ಮತ್ತೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಸಾವಿತ್ರಿ ಮುಖದ ನಗು ಕದಲದಂತೆ ಕನ್ನಡದಲ್ಲಿ ಹೇಳಿದಳು: "ರೀ, ನೀವೇನೂ ಮಾತಾಡ್ಬೇಡಿ. ಕಾರ್ ಹತ್ರ ನಿಂತ್ಕೋಬೇಡಿ, ಈ ಕಡೆ ಬನ್ನಿ."

ನಟರಾಜ ಬಂದ.

"ಪೊಲೀಸರೆಂದರೆ ಇವರಿಗೆ ಭಯ," ಎಂದು ಅವಳು ಇಂಗ್ಲಿಷಿಗೆ ಹೊರಳಿದಳು. "ಇವತ್ತು ಆಯುಧಪೂಜೆ. ವರ್ಷಕ್ಕೊಮ್ಮೆ ನಮ್ಮ ಸಲಕರಣೆಗಳಿಗೆಲ್ಲ ಪೂಜೆ ಮಾಡಿ, ಕುಂಬಳಕಾಯಿ ಒಡೆದು ದೃಷ್ಟಿ ತೆಗೆಯುತ್ತೇವೆ."

ಚಾಕುಗಳಿಗೆಲ್ಲ ಕುಂಕುಮದ ಬೊಟ್ಟಿತ್ತು. ಕಾರಿಗೂ ಇತ್ತು. ಚಳಿ ಕಳೆದು ಚಿಗುರುವ ಹೊತ್ತಿಗೆ ಸುವಾನಿ ಊರಿನ ಪೈನ್ ಮರಗಳು ಉದುರಿಸುವ ಹಳದಿ ಪುಡಿ ಆ ಕಾರಿನ ಮೇಲೆ ಅರಿಸಿನ ಎರಚಿದ ಹಾಗೆ ಕೂತಿತ್ತು.

ಹಿರಿಯವನು ಬಗ್ಗಿ, ಕೆಂಪನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದ. ಪಿಸ್ತೂಲಿನ ಮೇಲಿನ ಕೈ ಸಡಿಲಾಯಿತು.

"ಗೋಡೆಯಲ್ಲಿ ಒಂದು ಮೊಳೆ ಖಾಲಿ ಇದೆಯಲ್ಲ?"

"ಗುಜರಿ ಕಬ್ಬಿಣ ನೋಡಿ. ಒಳಗೆ ಎಲ್ಲಿ ಬಿರುಕಿರುತ್ತದೋ ಗೊತ್ತಾಗುವುದಿಲ್ಲ. ಮುರಿಯಿತು, ಎಸೆದೆವು."

ಅವನು ನಕ್ಕ. ಹಬ್ಬದ ಶುಭಾಶಯ ಹೇಳಿ, ಕುಂಬಳಕಾಯಿ ದಾಟಿಕೊಂಡು ತನ್ನ ಗಾಡಿಯತ್ತ ನಡೆದ. ಸಾವಿತ್ರಿಗೆ ಹೋದ ಜೀವ ಬಂದಂತಾಯಿತು.

ಕಿರಿಯ ಪೊಲೀಸಿನವನು ಮಾತ್ರ ನಿಂತೇ ಇದ್ದ. ಕಣ್ಣಿಗೆ ಕಪ್ಪು ಕನ್ನಡಕ, ಮೂಗಿನವರೆಗೂ ಮಾಸ್ಕ್, ಕೈಗೆ ಗ್ಲೌಸು. ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಒಳಗೆ ಬರುವಾಗ ಒಡೆದ ಕುಂಬಳಕಾಯಿಯನ್ನು ದಾಟದೆ, ಹುಲ್ಲಿನ ಮೇಲೆ ಬಳಸಿಕೊಂಡು ಬಂದಿದ್ದ. ಬೂಟು ಕೊಳೆಯಾದೀತೆಂದು ಹೆದರಿದನೇನೋ ಎಂದು ಅವಳು ಆಗ ಅಂದುಕೊಂಡಿದ್ದಳು.

ಅವನು ಕಾರಿನ ಡಿಕ್ಕಿಯ ಮೇಲೆ ಕೈಯಿಟ್ಟು, ಮಾಸ್ಕ್ ಕೆಳಗಿಳಿಸಿ, ಕನ್ನಡದಲ್ಲೇ ಕೇಳಿದ.

"ಆಂಟಿ, ಆಯುಧಪೂಜೆ ಅಕ್ಟೋಬರ್‌ನಲ್ಲಿ ಅಲ್ವಾ? ಟ್ರಂಕ್ ಓಪನ್ ಮಾಡಿ."